ಅಪ್ಪನ ಕೈಗೆ ಸ್ಕೋರ್ ಪುಸ್ತಕ ಬೇಡ

ದೊಡ್ಡಮಳೂರು, ಚನ್ನಪಟ್ಟಣ, ರಾಮನಗರ, ಹೀಗೆ ಹಳೇ ಮೈಸೂರು ರಸ್ತೆಯ ಯಾವ ಊರಿಗೇ ಹೋಗಿ, ಮಕ್ಕಳ ಪಂದ್ಯ ಶುರುವಾಗುವ ಮೊದಲು ನಡೆಯುವ ಮಾತುಕತೆ ಒಂದೇ. ಸುಣ್ಣದ ಗೆರೆ ಎಳೆದಾಗಿದೆ, ಬಾಲ್ ಬಂದಿದೆ, ಅಂಪೈರ್ ಆಗಲು ಯಾರೋ ಒಬ್ಬರು ಒಪ್ಪಿದ್ದಾರೆ. ಸ್ಕೋರ್ ಬರೆಯುವವರು ಯಾರು? ಪಿ.ಟಿ. ಮೇಷ್ಟ್ರು ಸುತ್ತ ಕಣ್ಣಾಡಿಸುತ್ತಾರೆ. ಮರದ ನೆರಳಲ್ಲಿ ಒಬ್ಬ ಅಪ್ಪ ನಿಂತಿದ್ದಾನೆ. ಜೇಬಿನಲ್ಲಿ ಪೆನ್ನಿದೆ, ಓದಿಕೊಂಡವನ ಹಾಗೆ ಕಾಣುತ್ತಾನೆ. "ಸಾರ್, ನೀವೇ ಬರ್ಕೊಂಡ್ಬುಡಿ." ಅಲ್ಲಿಗೆ ನೇಮಕಾತಿ ಮುಗಿಯಿತು. ಅವರ ಮಗನೇ ಆಡುತ್ತಿದ್ದಾನಲ್ಲ ಅಂತ ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಾಗಿರುತ್ತದೆ: "ಅಯ್ಯೋ, ಮಕ್ಕಳಾಟ ಕಣಣ್ಣ. ಅದ್ರಲ್ಲೇನು ಮೋಸ ಮಾಡಾರು? ಒಳ್ಳೇ ಮನುಷ್ಯ ಬೇರೆ."

ಈ ಉತ್ತರ ಎಷ್ಟು ಸಲೀಸಾಗಿದೆಯೋ ಅಷ್ಟೇ ಕೆಟ್ಟದ್ದು. ಆಟ ಸಣ್ಣದು, ಮನುಷ್ಯ ಒಳ್ಳೆಯವನು, ಆದ್ದರಿಂದ ತೊಂದರೆಯಿಲ್ಲ ಅನ್ನುವ ಲೆಕ್ಕಾಚಾರ ಅದರಲ್ಲಿದೆ. ಆಟ ಸಣ್ಣದೂ ಅಲ್ಲ, ಮನುಷ್ಯ ಒಳ್ಳೆಯವನಾಗಿರುವುದರಿಂದ ಏನೂ ಉಪಯೋಗವೂ ಇಲ್ಲ. ಸ್ವಂತ ಮಗ ಆಡುವ ಪಂದ್ಯದ ಪುಸ್ತಕವನ್ನು ಅಪ್ಪನೊಬ್ಬನೇ ಬರೆದರೆ, ಅವನು ಹರಿಶ್ಚಂದ್ರನೇ ಆಗಿದ್ದರೂ, ಆ ಪುಸ್ತಕದಲ್ಲಿ ಬೇರೆ ಯಾವುದೋ ಮಗುವಿನ ಪಾಲು ಕಡಿಮೆಯಾಗುತ್ತದೆ. ಅಮ್ಮ ಬರೆದರೂ ಅಷ್ಟೇ.

ಪಂದ್ಯದ ಒಟ್ಟು ಮೊತ್ತವನ್ನು ಯಾವ ಅಪ್ಪನೂ ತಿರುಚುವುದಿಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಳ್ಳೋಣ. ಎಪ್ಪತ್ತನ್ನು ಎಂಬತ್ತು ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ, ಎರಡು ಕಡೆಯ ಹುಡುಗರೂ ಬಾಯಲ್ಲೇ ಎಣಿಸುತ್ತಿರುತ್ತಾರೆ. "ಗೆದ್ದವರು ಗೆದ್ದರು, ಸೋತವರು ಸೋತರು, ಇನ್ನೇನು ಅನ್ಯಾಯ?" ಅಂತ ಕೇಳುವವರು ಈ ಮೊತ್ತವನ್ನು ತೋರಿಸಿಯೇ ಕೇಳುವುದು. ಪಕ್ಷಪಾತ ನಡೆಯುವುದು ಮೊತ್ತದಲ್ಲಲ್ಲ, ಅದರ ಹಂಚಿಕೆಯಲ್ಲಿ. ಯಾವ ರನ್ನು ಯಾರ ಹೆಸರಿಗೆ, ಯಾವ ವಿಕೆಟ್ಟು ಯಾರ ಲೆಕ್ಕಕ್ಕೆ, ಯಾವ ತಪ್ಪು ಯಾರ ತಲೆಗೆ ಅನ್ನುವಲ್ಲಿ.

ಒಂದು ಎಸೆತವನ್ನೇ ನೋಡಿ. ಶಾಲಾ ಹುಡುಗರ ಲೆದರ್ ಬಾಲ್ ಪಂದ್ಯ. ಎಡಗೈ ಹುಡುಗನೊಬ್ಬ ಬೌಲ್ ಮಾಡುತ್ತಿದ್ದಾನೆ. ಚೆಂಡು ಒಳಕ್ಕೆ ನುಗ್ಗಿ ಪ್ಯಾಡಿಗೆ ಬಡಿದು ಫೈನ್ ಲೆಗ್ ಕಡೆ ಉರುಳುತ್ತದೆ. ಬ್ಯಾಟ್ಸ್‌ಮನ್ ಓಡುತ್ತಾನೆ. ಅಂಪೈರ್ ಮಂಡಿ ಎತ್ತಿ ಕೈಯಿಂದ ಮುಟ್ಟಿ ತೋರಿಸುತ್ತಾನೆ: ಲೆಗ್ ಬೈ. ಪುಸ್ತಕ ಹಿಡಿದ ಅಪ್ಪನ ಕಣ್ಣು ಅಂಪೈರ್ ಮೇಲಿಲ್ಲ, ಓಡುತ್ತಿರುವ ಮಗನ ಮೇಲಿದೆ. ಮಗ ಬಿದ್ದಾನೋ, ರನ್ ಔಟ್ ಆದಾನೋ ಅನ್ನುವ ಆತಂಕ. ಆ ತುದಿ ಮುಟ್ಟಿದ. ಸದ್ಯ! ಪೆನ್ನು ಮಗನ ಹೆಸರಿನ ಮುಂದೆ ಒಂದು ಅಂತ ಬರೆಯುತ್ತದೆ. ತಂಡದ ಮೊತ್ತ ಸರಿಯಾಗಿಯೇ ಇದೆ, ಲೆಗ್ ಬೈ ಆದರೂ ಒಂದೇ, ರನ್ ಆದರೂ ಒಂದೇ. ಆದರೆ ಲೆಗ್ ಬೈ ಬೌಲರ್‌ನ ಲೆಕ್ಕಕ್ಕೆ ಸೇರುವುದಿಲ್ಲ, ಬ್ಯಾಟಿನಿಂದ ಬಂದ ರನ್ ಸೇರುತ್ತದೆ. ಬ್ಯಾಟನ್ನು ತಪ್ಪಿಸಿ ಪ್ಯಾಡಿಗೆ ತಾಗಿಸಿದ ಹುಡುಗನಿಗೆ ತನ್ನ ಒಳ್ಳೆಯ ಎಸೆತಕ್ಕೇ ದಂಡ ಬಿತ್ತು. ಇಂಥವು ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಆದರೆ ಒಬ್ಬನಿಗೆ ಮೂವತ್ತು ದಾಟಿದ ಹೆಮ್ಮೆ, ಇನ್ನೊಬ್ಬನಿಗೆ "ಪರವಾಗಿಲ್ಲ, ಆದ್ರೆ ರನ್ ಕೊಡ್ತಾನೆ" ಅನ್ನುವ ಹಣೆಪಟ್ಟಿ.

ಸಾಫ್ಟ್‌ಬಾಲ್ ಈ ರೋಗವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 1887ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಈ ಆಟ ನಮ್ಮ ತಾಲ್ಲೂಕಿನಲ್ಲಿ ಅಪರೂಪವೇ. ಆದರೆ ನಮ್ಮ ಊರುಗಳಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರ ಹೆಣ್ಣುಮಕ್ಕಳು ಶನಿವಾರ ಬೆಳಗಾದರೆ ಸಾಫ್ಟ್‌ಬಾಲ್ ಮೈದಾನದಲ್ಲಿರುತ್ತಾರೆ, ಅಲ್ಲೂ ಫೋನಿನ ಆಪ್‌ನಲ್ಲಿ ಸ್ಕೋರ್ ಒತ್ತುತ್ತ ಕೂರುವವರು ಅಪ್ಪ ಅಮ್ಮಂದಿರೇ. ಕ್ರಿಕೆಟ್‌ನಲ್ಲಿ ಲೆಗ್ ಬೈ ಅಂತ ಹೇಳಲು ಅಂಪೈರ್ ಇದ್ದಾನೆ. ಸಾಫ್ಟ್‌ಬಾಲ್‌ನಲ್ಲಿ ಅತಿ ಸೂಕ್ಷ್ಮವಾದ ತೀರ್ಪೊಂದನ್ನು ಸ್ಕೋರ್ ಬರೆಯುವವರೇ ಕೊಡಬೇಕು. ಚೆಂಡು ನೆಲದ ಮೇಲೆ ಪುಟಿಯುತ್ತ ಫೀಲ್ಡರ್ ಹತ್ತಿರ ಬಂತು, ಅವಳ ಕೈಗೆ ಬಡಿದು ಜಾರಿತು, ಹೊಡೆದ ಹುಡುಗಿ ಮೊದಲ ಬೇಸ್ ಮುಟ್ಟಿದಳು. ಇದು ಹೊಡೆದವಳ ಹಿಟ್ಟೋ, ಹಿಡಿಯಬೇಕಾದವಳ ತಪ್ಪೋ? ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಾದ ಚೆಂಡಾಗಿದ್ದರೆ ಅದು ತಪ್ಪು, ಅವರ ಮಾತಿನಲ್ಲಿ ಎರರ್. ಆ 'ಸಾಧಾರಣ' ಎಷ್ಟು ಅನ್ನುವುದನ್ನು ಬರೆಯುವ ಕೈ ನಿರ್ಧರಿಸುತ್ತದೆ.

ಹೊಡೆದವಳು ಬರೆಯುವವರ ಮಗಳೇ ಆಗಿದ್ದರೆ? ಇಪ್ಪತ್ತು ಬಾರಿ ಬ್ಯಾಟ್ ಹಿಡಿದು ಐದು ಹಿಟ್ ಪಡೆದವಳ ಸರಾಸರಿ 0.250. ಅದರ ಜೊತೆಗೆ ಎರಡು ಎರರ್‌ಗಳನ್ನು ಹಿಟ್ ಅಂತ ಬರೆದುಬಿಟ್ಟರೆ ಏಳು ಹಿಟ್, 0.350. ಸಾಧಾರಣ ಆಟಗಾರ್ತಿ ಎರಡು ಗುಂಡಿ ಒತ್ತುವಷ್ಟರಲ್ಲಿ ತಂಡದ ಆಧಾರಸ್ತಂಭವಾದಳು. ಸೊಗಸೆಂದರೆ, ಸ್ಥಳದಲ್ಲಿ ಇದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಹೊಡೆದವಳಿಗೆ ಹಿಟ್ ಸಿಕ್ಕಿತು, ಚೆಂಡು ಜಾರಿಸಿದವಳ ಹೆಸರಿಗೆ ಎರರ್ ಬೀಳಲಿಲ್ಲ, ಅವಳ ಅಮ್ಮನೂ ಖುಷಿ. ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ? ಆಗಲಿಲ್ಲ. ನಡು ಮೈದಾನದಲ್ಲಿ ನಿಂತು ಚೆಂಡು ಎಸೆದ ಪಿಚರ್ ಹುಡುಗಿಯೊಬ್ಬಳಿದ್ದಾಳೆ. ಆ ಹಿಟ್ ಅವಳ ವಿರುದ್ಧ ದಾಖಲಾಯಿತು. ಹಾಗೆ ಬೇಸ್ ಮುಟ್ಟಿದವಳು ಸುತ್ತು ಹೊಡೆದು ಮನೆ ಸೇರಿದರೆ ಆ ರನ್ನನ್ನೂ ಪಿಚರ್ ತಾನೇ ಕೊಟ್ಟ ರನ್ ಎಂದು ಬರೆದುಕೊಳ್ಳುತ್ತಾರೆ. ಅವಳು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಳು.

ಇಲ್ಲೇ ಈ ವಿಷಯದ ತಿರುಳಿದೆ. ಹೀಗೆ ಕಳೆದುಕೊಳ್ಳುವ ಮಗು ಯಾವುದು? ಯಾರ ಅಪ್ಪ ಪುಸ್ತಕದ ಹತ್ತಿರ ಇಲ್ಲವೋ ಆ ಮಗು. ಪಂದ್ಯ ನೋಡಲು ಬರುವ ಅಪ್ಪನಿಗೆ ವಾರದ ದಿನ ಬಿಡುವಿದೆ, ಬೈಕೋ ಕಾರೋ ಇದೆ, ಮೇಷ್ಟ್ರ ಪರಿಚಯವಿದೆ. ಅದೇ ತಂಡದಲ್ಲಿ ವಸತಿ ಶಾಲೆಯಿಂದ ಬಂದ ಹುಡುಗನಿದ್ದಾನೆ, ಅವನ ಅಪ್ಪ ಬೇರೆ ತಾಲ್ಲೂಕಿನಲ್ಲಿ ಕೂಲಿಗೆ ಹೋಗಿದ್ದಾನೆ. ರೇಷ್ಮೆ ನೂಲು ಬಿಚ್ಚುವ ಮನೆಯ ಹುಡುಗನಿದ್ದಾನೆ, ಒಲೆ ಉರಿಯುತ್ತಿರುವಾಗ ಅವನ ಅಮ್ಮ ಕೆಲಸ ಬಿಟ್ಟು ಬರುವಂತಿಲ್ಲ. ಇವರ ಪರವಾಗಿ "ಸಾರ್, ಅದು ಲೆಗ್ ಬೈ" ಅನ್ನಲು ಗೆರೆಯಾಚೆ ಒಂದು ನರಪಿಳ್ಳೆಯೂ ಇಲ್ಲ. ಇರುವವರ ಮಕ್ಕಳ ಕಡೆಗೆ ಪುಸ್ತಕ ವಾಲುತ್ತದೆ. 'ಮಕ್ಕಳಾಟ' ಅನ್ನುವ ಉದಾರ ಮಾತಿಗೆ ಬೆಲೆ ತೆರುವವರು ಈ ಮಕ್ಕಳು. ಆ ಮಾತನ್ನು ಅವರ ಮನೆಯವರು ಹೇಳಿದ್ದನ್ನು ನಾನಂತೂ ಕೇಳಿಲ್ಲ.

"ನೀವು ಹೇಳೋದು ಸರಿ, ಆದ್ರೆ ನಮ್ಮವರು ಅಂಥೋರಲ್ಲ" ಅನ್ನುವವರಿಗೆ ಈಗ ಬರುತ್ತೇನೆ.

ಮಕ್ಕಳ ಮೇಲಿನ ಆಸೆ ಎಂಥದ್ದು ಅಂತ ದೊಡ್ಡಮಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲಿಟ್ಟ ನವನೀತಕೃಷ್ಣನ ಮುಂದೆ ಮಕ್ಕಳಾಗದವರು ಹರಕೆ ಹೊರುತ್ತಾರೆ, ತೊಟ್ಟಿಲು ಒಪ್ಪಿಸುತ್ತಾರೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಕೂಸನ್ನು ಕಂಡೇ ಅಂತ ಊರು ನಂಬುತ್ತದೆ. ಆ ಕೂಸಿನ ಅಮ್ಮನನ್ನೇ ನೆನೆಸಿಕೊಳ್ಳಿ. ಕೇರಿಯ ಹೆಂಗಸರೆಲ್ಲ ಬಂದು ನಿಮ್ಮ ಮಗ ನಮ್ಮ ಬೆಣ್ಣೆ ಕದ್ದ ಅಂತ ದೂರು ಕೊಟ್ಟರೆ ಯಶೋದೆಗೆ ದೂರು ಕೊಟ್ಟವರ ಮೇಲೇ ಅನುಮಾನ. ಯಶೋದೆಯನ್ನು ಸುಳ್ಳುಗಾತಿ ಅಂತ ಯಾರೂ ಕರೆಯಲಿಲ್ಲ, ಮುಂದೆಯೂ ಕರೆಯುವುದಿಲ್ಲ. ಹಾಗಂತ ಗೋಕುಲದ ಬೆಣ್ಣೆಯ ಲೆಕ್ಕ ಬರೆಯಲು ಅವಳನ್ನು ಕೂರಿಸುವ ಬುದ್ಧಿವಂತರು ಯಾರೂ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹೇಳಿದ ಜನರೇ ಹೆತ್ತವರ ಕೈಗೆ ಹೆಗ್ಗಣದ ಜಾತಕ ಬರೆಯಲು ಪೆನ್ನು ಕೊಟ್ಟಿದ್ದಾರೆ.

ಪಕ್ಷಪಾತ ಪೆನ್ನಿನಲ್ಲಿ ಶುರುವಾಗುವುದಿಲ್ಲ, ಕಣ್ಣಿನಲ್ಲಿ ಶುರುವಾಗುತ್ತದೆ. 1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಆಮೇಲೆ ಹಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್‌ನವರಿಗೆ ಎಷ್ಟು ಕಂಡವೋ ಅದರ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಫಿಲ್ಮು ಒಂದೇ. ಸುಳ್ಳು ಹೇಳಿ ಅವರಿಗೆ ಆಗಬೇಕಾದ ಲಾಭ ಏನೂ ಇರಲಿಲ್ಲ, ಕಂಡದ್ದನ್ನೇ ಬರೆದರು. 1954ರಲ್ಲಿ ಪ್ರಕಟವಾದ ಈ ಅಧ್ಯಯನ ಆಡುವವರ ಸಹಪಾಠಿಗಳ ಬಗ್ಗೆ. ಆಡುವವನು ಸ್ವಂತ ಮಗನೇ ಆದರೆ ಕಣ್ಣು ಎಷ್ಟು ನಿಷ್ಪಕ್ಷಪಾತವಾಗಿದ್ದೀತು?

ದೊಡ್ಡವರ ಆಟದಲ್ಲೂ ಇದರ ಕಥೆಗಳಿವೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜೋ ಡಿಮ್ಯಾಗಿಯೋ 1941ರಲ್ಲಿ ಸತತ 56 ಪಂದ್ಯಗಳಲ್ಲಿ ಹಿಟ್ ಪಡೆದ ದಾಖಲೆ ಇಂದಿಗೂ ಅಳಿದಿಲ್ಲ. ಆದರೆ 30 ಮತ್ತು 31ನೇ ಪಂದ್ಯಗಳಲ್ಲಿ ಅವನಿಗೆ ಸಿಕ್ಕ ಹಿಟ್‌ಗಳ ಬಗ್ಗೆ ಗುಸುಗುಸು ನಿಂತಿಲ್ಲ. ಎರಡೂ ಸಲ ಚೆಂಡು ಹೋದದ್ದು ಒಬ್ಬನೇ ಫೀಲ್ಡರ್ ಕಡೆಗೆ, ಎರಡೂ ಸಲ ಅದು ಹಿಟ್ಟೋ ಎರರೋ ಅನ್ನುವ ಅನುಮಾನ. ತೀರ್ಪು ಕೊಟ್ಟವನು ನ್ಯೂಯಾರ್ಕಿನ ಪತ್ರಕರ್ತ ಡ್ಯಾನ್ ಡೇನಿಯಲ್, ಡಿಮ್ಯಾಗಿಯೋ ತಂಡದ ಜೊತೆಯಲ್ಲೇ ಓಡಾಡಿ ಸುದ್ದಿ ಬರೆಯುತ್ತಿದ್ದವನು. ಅವನು ಮೋಸ ಮಾಡಿದ ಅನ್ನುವುದಕ್ಕೆ ಪುರಾವೆಯಿಲ್ಲ. ಮಾಡಿಲ್ಲ ಅಂತ ಯಾರನ್ನಾದರೂ ನಂಬಿಸಲೂ ಆಗುತ್ತಿಲ್ಲ. ಹತ್ತಿರದವರ ಕೈಗೆ ಪುಸ್ತಕ ಕೊಟ್ಟರೆ ಆಗುವ ಇನ್ನೊಂದು ನಷ್ಟ ಇದು: ನಿಜವಾಗಿ ದುಡಿದು ಗಳಿಸಿದ್ದೂ ಸಂಶಯದ ನೆರಳಿನಲ್ಲಿ ಉಳಿಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಐವತ್ತು ಹೊಡೆದ ಹುಡುಗನಿಗೆ ಜೊತೆಯವರು "ನಿಮ್ಮಪ್ಪ ಬರೆದಿದ್ದಲ್ವಾ" ಅಂದರೆ ಆ ಐವತ್ತು ಅವನ ಕೈ ಬಿಟ್ಟಿತು. ಮಗನಿಗೆ ಒಳ್ಳೆಯದಾಗಲಿ ಅನ್ನುವ ಅಪ್ಪ ಮೊದಲು ಯೋಚಿಸಬೇಕಾದ್ದು ಇದನ್ನೇ.

ಅಂತರರಾಷ್ಟ್ರೀಯ ಕ್ರಿಕೆಟ್ ಈ ಪಾಠ ಕಲಿಯಲು ನೂರು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. ಆತಿಥೇಯ ದೇಶದವರೇ ಅಂಪೈರ್ ಆಗುವ ಪದ್ಧತಿಯ ಬಗ್ಗೆ ಗೊಣಗಾಟ ಹಳೆಯದು. 1986ರಲ್ಲಿ ಇಮ್ರಾನ್ ಖಾನ್ ಒತ್ತಾಯದಿಂದ ಲಾಹೋರಿನ ಪಾಕಿಸ್ತಾನ–ವೆಸ್ಟ್ ಇಂಡೀಸ್ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅಂಪೈರ್‌ಗಳಾಗಿ ಹೋದರು. 1994ರಿಂದ ಟೆಸ್ಟ್‌ಗಳಲ್ಲಿ ಒಬ್ಬ ತಟಸ್ಥ ಅಂಪೈರ್, 2002ರಿಂದ ಇಬ್ಬರೂ ತಟಸ್ಥರು. 2020ರಲ್ಲಿ ಕೊರೊನಾ ಬಂದು ಪ್ರಯಾಣ ನಿಂತಾಗ ಮತ್ತೆ ಸ್ಥಳೀಯ ಅಂಪೈರ್‌ಗಳನ್ನು ಇಟ್ಟರು, ಜೊತೆಗೇ ಪ್ರತಿ ಇನ್ನಿಂಗ್ಸ್‌ಗೆ ಒಂದು ಹೆಚ್ಚುವರಿ ಮೇಲ್ಮನವಿಯ ಅವಕಾಶವನ್ನೂ ತಂಡಗಳಿಗೆ ಕೊಟ್ಟರು. ಇದರಲ್ಲಿ ಯಾರೂ ಯಾರನ್ನೂ ಕಳ್ಳ ಅನ್ನಲಿಲ್ಲ. ಸಂಬಳ, ತರಬೇತಿ, ಕ್ಯಾಮೆರಾ ಎಲ್ಲ ಇರುವವರಿಗೇ ಈ ಎಚ್ಚರ ಬೇಕಾದರೆ, ಮರದ ನೆರಳಿನ ಅಪ್ಪನಿಗೆ ಬೇಡವೇ?

ಸ್ಕೋರ್ ಬರೆಯುವವರ ವಿಷಯದಲ್ಲಂತೂ ಕ್ರಿಕೆಟ್ ನಿಯಮ ಜಾಣತನ ತೋರಿದೆ. ಈಗಿನ ಮೂರನೇ ನಿಯಮ ಸ್ಕೋರರ್‌ಗಳು ಇಬ್ಬರಿರಬೇಕು ಅನ್ನುತ್ತದೆ. ಆಗಾಗ ಇಬ್ಬರ ಪುಸ್ತಕವೂ ತಾಳೆಯಾಗುತ್ತದೆಯೇ ನೋಡಿಕೊಳ್ಳಬೇಕು, ಅಂಪೈರ್ ಕೈಸನ್ನೆಗೆ ಪ್ರತಿ ಸಲವೂ 'ನೋಡಿದೆವು' ಅಂತ ಉತ್ತರ ಕೊಡಬೇಕು. ಕಬಡ್ಡಿಯಲ್ಲೂ ರೆಫ್ರಿ, ಇಬ್ಬರು ಅಂಪೈರ್‌ಗಳ ಜೊತೆಗೆ ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್‌ಗಳು ಅಂತ ವ್ಯವಸ್ಥೆಯಿದೆ. ಔಟಾಗಿ ಕೂತವರು ಯಾವ ಕ್ರಮದಲ್ಲಿ ಮತ್ತೆ ಒಳಗೆ ಬರಬೇಕು ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತಾರೆ. ನಿಯಮ ಬರೆದವರು ಮನುಷ್ಯನ ಒಳ್ಳೆಯತನವನ್ನು ನೆಚ್ಚಿಕೊಂಡು ಕೂರಲಿಲ್ಲ. ಎರಡನೇ ಪೆನ್ನನ್ನು ಕೊಟ್ಟರು. ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ದೀಪಕ್ಕೆ, ಫ್ಲೆಕ್ಸ್‌ಗೆ, ಟ್ರೋಫಿಗೆ, ಶಾಸಕರ ಹಾರಕ್ಕೆ ದುಡ್ಡಿರುತ್ತದೆ. ಎರಡನೇ ಪೆನ್ನಿಗೆ ಮಾತ್ರ ಇರುವುದಿಲ್ಲ.

ಕುರುಡನಾದರೂ ಧೃತರಾಷ್ಟ್ರ ಈ ವಿಷಯದಲ್ಲಿ ನಮಗಿಂತ ಎಷ್ಟೋ ಮೇಲು. ಯುದ್ಧ ನೋಡಲು ಕಣ್ಣು ಕೊಡುತ್ತೇನೆ ಅಂತ ವ್ಯಾಸರು ಅಂದಾಗ ಬೇಡ ಅಂದ. ಕುರುಕ್ಷೇತ್ರದ ಲೆಕ್ಕವನ್ನು ಸಂಜಯನ ಬಾಯಿಂದ ಕೇಳಿಸಿಕೊಂಡ, ಶಕುನಿಯ ಬಾಯಿಂದಲ್ಲ.

ಇನ್ನೊಂದು ಜಾತಿಯ ಅಪ್ಪಂದಿರಿದ್ದಾರೆ, ಅವರನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಲು ನೋಡುವವರೂ ಇದ್ದಾರೆ. "ಅವರು ಬಹಳ ಸ್ಟ್ರಿಕ್ಟು. ಮಗ ಅಂತ ನೋಡಲ್ಲ. ಬೇರೆಯವರಿಗೆ ಕೊಟ್ಟರೂ ತಮ್ಮ ಮಗನಿಗೆ ಕೊಡಲ್ಲ." ಇದನ್ನು ಹೊಗಳಿಕೆ ಅಂದುಕೊಂಡಿದ್ದಾರೆ! ಬೇರೆಯವರಿಗೆ ಕೊಡುವುದನ್ನು ಮಗನಿಗೆ ಕೊಡದಿದ್ದರೆ ಅದೂ ಪಕ್ಷಪಾತವೇ, ದಿಕ್ಕು ಬೇರೆ ಅಷ್ಟೆ. ಊರಿನವರ ಮುಂದೆ ತಾನು ನ್ಯಾಯವಂತ ಅನ್ನಿಸಿಕೊಳ್ಳಲು ಹನ್ನೆರಡು ವರ್ಷದ ಹುಡುಗನ ನಿಜವಾದ ಬೌಂಡರಿಯನ್ನು ಅನುಮಾನಿಸುವ ಅಪ್ಪ ಮುದ್ದಿನ ಅಪ್ಪನಿಗಿಂತ ಕೆಟ್ಟವನು. ಮುದ್ದಿನ ಅಪ್ಪನ ಮಗನಿಗೆ ಸಂಜೆಗೆ ಮನೆಯಲ್ಲಿ ಹೋಳಿಗೆಯಾದರೂ ಸಿಗುತ್ತದೆ. ಈ ಹುಡುಗನಿಗೆ ಮೈದಾನದಲ್ಲಿ ಅಪ್ಪನೂ ಇಲ್ಲ, ಸ್ಕೋರರ್‌ನೂ ಇಲ್ಲ. ಎರಡು ಪಾತ್ರವನ್ನು ಒಬ್ಬನೇ ಹೊತ್ತರೆ ಯಾವುದಾದರೂ ಒಂದು ಕೆಡುತ್ತದೆ, ಹಲವು ಸಲ ಎರಡೂ.

'ಮಕ್ಕಳಾಟ' ಅನ್ನುವ ಮಾತಿಗೆ ಮತ್ತೆ ಬರೋಣ, ಏಕೆಂದರೆ ಅದರಷ್ಟು ಬೂಟಾಟಿಕೆಯ ಮಾತು ಇನ್ನೊಂದಿಲ್ಲ. ಶಾಲಾ ಕ್ರೀಡೆ ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಂಡ ಗೆದ್ದರೂ ಮುಂದಿನ ಹಂತದ ಆಯ್ಕೆಯಲ್ಲಿ ಹೆಸರು ಕೇಳುತ್ತಾರೆ: ಯಾರು ಎಷ್ಟು ಹೊಡೆದರು, ಯಾರು ಎಷ್ಟು ಕೆಡವಿದರು. ಮೇಲಿನ ಹಂತದ ಪ್ರಮಾಣಪತ್ರಕ್ಕೆ ವೃತ್ತಿಪರ ಕೋರ್ಸುಗಳ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ. ಕ್ರೀಡಾ ಹಾಸ್ಟೆಲ್‌ಗೆ ಸೇರಲೂ ಆಟ ತೋರಿಸಬೇಕು. ಪಂದ್ಯದ ದಿನ "ಬುಡಣ್ಣ, ಮಕ್ಕಳಾಟ" ಅಂದ ಮನುಷ್ಯನೇ ಮರುವಾರ ಆ ಸರ್ಟಿಫಿಕೇಟನ್ನು ಚನ್ನಪಟ್ಟಣದ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಫೈಲಿಗೆ ಹಾಕುತ್ತಾನೆ, ಮೂರು ಜೆರಾಕ್ಸ್ ಸಮೇತ. ಬೆಳಿಗ್ಗೆ ಆಟ, ಸಂಜೆಗೆ ದಾಖಲೆ. ಆಟವಾದರೆ ಕಾಗದ ಬೇಡ, ಕಾಗದ ಬೇಕಾದರೆ ಅದನ್ನು ಬರೆಯುವ ರೀತಿಗೆ ಒಂದು ಮರ್ಯಾದೆ ಬೇಕು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹಾಕಿದವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ತಿಂಗಳ ಹತ್ತಿರ ಹುಳುವಿಗೆ ಸೊಪ್ಪು ಹಾಕಿ ಬೆಳೆದ ಗೂಡನ್ನು ತೂಗುವ ಹೊತ್ತಿಗೆ ರೀಲರ್ ಬಂದು "ನನ್ನದೇ ತಕ್ಕಡಿ ಇದೆ, ನಾನೇ ತೂಗಿ ನಾನೇ ಬರ್ಕೋತೀನಿ, ನಾನು ಒಳ್ಳೇವ್ನು" ಅಂದರೆ ಒಪ್ಪುತ್ತೀರಾ? ಆ ಮನುಷ್ಯ ನಿಜವಾಗಿಯೂ ಒಳ್ಳೆಯವನಿರಬಹುದು, ಇಪ್ಪತ್ತು ವರ್ಷದ ಪರಿಚಯವಿರಬಹುದು. ಆದರೂ ಒಪ್ಪುವುದಿಲ್ಲ. ಹರಾಜು ಆನ್‌ಲೈನ್ ಆಗಬೇಕು, ತಕ್ಕಡಿ ಮಾರುಕಟ್ಟೆಯದ್ದಾಗಿರಬೇಕು, ಅಂಕಿ ಇಬ್ಬರಿಗೂ ಕಾಣಬೇಕು. ಇಷ್ಟಕ್ಕೆಲ್ಲ ಪಟ್ಟು ಹಿಡಿದವರು ನಾವೇ. ಗೂಡಿಗೆ ಸಿಕ್ಕ ನ್ಯಾಯ ಮಕ್ಕಳಿಗೆ ಸಿಗಬಾರದೇ?

ಈಗ ಹೊಸ ಸಮಾಧಾನವೊಂದು ಹುಟ್ಟಿದೆ. "ಸಾರ್, ಈಗೆಲ್ಲ ಆಪ್. ಮೋಸಕ್ಕೆ ಜಾಗವೇ ಇಲ್ಲ." ಕ್ರಿಕ್‌ಹೀರೋಸ್ ಆಪ್ ಬಂದ ಮೇಲೆ ನಮ್ಮ ಟೆನ್ನಿಸ್ ಬಾಲ್ ಪಂದ್ಯಗಳಿಗೂ ಟೀವಿಯ ಕಳೆ ಬಂದಿದೆ, ಅದು ಒಳ್ಳೆಯದೇ. ಕೂಡುವುದರಲ್ಲಿ ಆಪ್ ತಪ್ಪುವುದಿಲ್ಲ. ಆದರೆ ಲೆಗ್ ಬೈ ಗುಂಡಿ ಒತ್ತಬೇಕೋ ಒಂದು ರನ್ ಗುಂಡಿ ಒತ್ತಬೇಕೋ ಅನ್ನುವುದನ್ನು ಬೆರಳು ಹೇಳಬೇಕು, ಬೆರಳು ಅಪ್ಪನದೇ. ಮೊದಲು ಕಾಗದದ ಮೇಲೆ ಇದ್ದ ಓರೆ ಈಗ ಬಣ್ಣಬಣ್ಣದ ಗ್ರಾಫ್ ಆಗಿ ಊರಿಗೆಲ್ಲ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಬರೆದ ಕಾಗದವಾದರೆ ಅನುಮಾನಿಸುತ್ತಿದ್ದ ಜನ ಪರದೆಯ ಮೇಲಿನ ಅಂಕಿಗೆ ಕೈಮುಗಿಯುತ್ತಾರೆ. ಅಷ್ಟೇ ಬದಲಾವಣೆ.

ಮತ್ತೆ ಕೆಲವರು, ಸಾಮಾನ್ಯವಾಗಿ ಬೆಂಗಳೂರಿನಿಂದ ಬಂದು ಭಾಷಣ ಮಾಡುವವರು, ಮಕ್ಕಳಿಗೆ ಸ್ಕೋರೇ ಬೇಡ ಅನ್ನುತ್ತಾರೆ. ಸೋಲು ಗೆಲುವಿನ ಹಂಗಿಲ್ಲದೆ ಆಡಲಿ, ವಿದೇಶಗಳಲ್ಲಿ ಹಾಗೇ ಮಾಡುತ್ತಾರೆ ಅಂತ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಚಿಕ್ಕ ವಯಸ್ಸಿನ ಗುಂಪುಗಳ ಫಲಿತಾಂಶ ಪ್ರಕಟಿಸಬಾರದು ಅನ್ನುವುದು ನಿಜ. ಆದರೆ ಪ್ರಕಟಿಸದಿರುವುದು ಬೇರೆ, ಎಣಿಸದಿರುವುದು ಬೇರೆ. ಎಣಿಸಬೇಡಿ ಅಂದರೆ ಮಕ್ಕಳು ಕೇಳುತ್ತಾರೆಯೇ? ದೊಡ್ಡವರು ಯಾರೂ ಇಲ್ಲದ ಬಯಲಿನಲ್ಲೂ ಅವರು ಎಣಿಸುತ್ತಾರೆ, ನಮಗಿಂತ ಬಿಗಿಯಾಗಿ. ನಮ್ಮ ಕಡೆಯ ಚಿನ್ನಿದಾಂಡನ್ನು ನೆನಪು ಮಾಡಿಕೊಳ್ಳಿ. ಚಿನ್ನಿ ಹಾರಿ ದೂರ ಬಿತ್ತು. ಹೊಡೆದವನು ತನಗೆ ಇಷ್ಟು ಬೇಕು ಅಂತ ಕೇಳುತ್ತಾನೆ. ಎದುರಿನವರಿಗೆ ಒಪ್ಪಿಗೆಯಾದರೆ ಕೊಟ್ಟರು. ಇಲ್ಲವಾದರೆ "ಅಳಿ" ಅನ್ನುತ್ತಾರೆ. ದಾಂಡು ಮಡಗಿ ಮಡಗಿ ಅಳೆಯಬೇಕು, ಎದುರಾಳಿ ಪಕ್ಕದಲ್ಲೇ ಬಗ್ಗಿ ನೋಡುತ್ತ ಬರುತ್ತಾನೆ. ಕೇಳಿದ್ದಕ್ಕಿಂತ ಕಮ್ಮಿ ಬಂತೋ, ದುರಾಸೆಗೆ ತಕ್ಕ ಶಾಸ್ತಿ. ದಾವೆ, ತಕರಾರು, ಸ್ಥಳ ಪರಿಶೀಲನೆ, ದಂಡ ಎಲ್ಲವೂ ಆ ಆಟದೊಳಗೇ ಇತ್ತು. ಯಾವ ಅಪ್ಪನೂ ಕಲಿಸಿದ್ದಲ್ಲ. ಲಗೋರಿಯಲ್ಲೂ ಗೋಲಿಯಲ್ಲೂ ಜಗಳವಾಗುತ್ತಿತ್ತು, ಆದರೆ ಲೆಕ್ಕವನ್ನು ಒಂದೇ ಕಡೆಯವರಿಗೆ ಬಿಟ್ಟುಕೊಡುವ ದಡ್ಡತನ ಮಾತ್ರ ಇರಲಿಲ್ಲ. ದೊಡ್ಡವರು ಬಂದು ಮೈದಾನಕ್ಕೆ ಶಾಮಿಯಾನ, ಮೈಕು, ಮುಖ್ಯ ಅತಿಥಿ ತಂದರು. ಬರುವಾಗ ಆ ನ್ಯಾಯವನ್ನು ಹೊರಗೆ ಹಾಕಿದರು.

ಉಳಿದಿರುವುದು ಒಂದೇ ಪ್ರಾಮಾಣಿಕ ಆಕ್ಷೇಪ: ಜನ ಸಿಗುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ, ಇರುವ ಒಬ್ಬರು ಟ್ರ್ಯಾಕ್ ಎಳೆದು, ನೀರು ತರಿಸಿ, ಊಟದ ಕೂಪನ್ ಹಂಚಿ, ಅಂಪೈರ್ ಆಗಿ ಸುಸ್ತಾಗಿರುತ್ತಾರೆ. ತಟಸ್ಥ ಸ್ಕೋರರನ್ನು ಎಲ್ಲಿಂದ ತರಲಿ ಅಂತ ಅವರು ಕೇಳಿದರೆ ತಪ್ಪಿಲ್ಲ. ತಟಸ್ಥರು ಬೇಕಾಗಿಯೇ ಇಲ್ಲ. ಪ್ರತಿ ತಂಡದಲ್ಲೂ ಆಡದೆ ಕೂತ ಮಕ್ಕಳಿರುತ್ತಾರೆ, ಬಾಟಲಿ ಹಿಡಿದುಕೊಂಡು, ತಮ್ಮ ಸರದಿ ಬರುವುದಿಲ್ಲ ಅಂತ ಗೊತ್ತಿದ್ದೂ ಪ್ಯಾಡು ಕಟ್ಟಿಕೊಂಡು. ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬಳು. ಒಂದೇ ಬೆಂಚಿನ ಮೇಲೆ, ಭುಜಕ್ಕೆ ಭುಜ ತಾಗಿಸಿ, ಇಬ್ಬರಿಗೂ ಒಂದೊಂದು ಪುಸ್ತಕ. ಓವರ್ ಮುಗಿದಾಗ ಇಬ್ಬರೂ ಗಟ್ಟಿಯಾಗಿ ಓದಬೇಕು, ತಾಳೆಯಾಗದಿದ್ದರೆ ಆಟ ನಿಲ್ಲಿಸಿ ಅಂಪೈರ್ ಕರೆಯಬೇಕು. ಬರೆಯುವವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಸುಣ್ಣದ ಗೆರೆ ಎಳೆದು, ಅಪ್ಪ ಅಮ್ಮಂದಿರು ಅದರಾಚೆ ನಿಲ್ಲಬೇಕು. ಚಪ್ಪಾಳೆ ಅಲ್ಲಿಂದಲೂ ಕೇಳಿಸುತ್ತದೆ. ಏಳನೇ ತರಗತಿಯ ಹುಡುಗಿಗೆ ಲೆಗ್ ಬೈ, ಬೈ, ವೈಡ್ ಗುರುತುಗಳನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.

"ಆ ಮಕ್ಕಳೂ ತಮ್ಮ ತಂಡದ ಕಡೆಗೇ ಬರೆದುಕೊಂಡರೆ?" ಅಂತ ಕೇಳುತ್ತಾರೆ. ಬರೆದುಕೊಳ್ಳಲು ನೋಡಲಿ. ಪಕ್ಕದಲ್ಲಿ ಕೂತವಳು ಎದುರು ತಂಡದವಳು, ಅವಳ ಕೈಯಲ್ಲೂ ಪೆನ್ನಿದೆ.